ಕುಳಿತು ಲೆಕ್ಕ ಹಾಕೋಣ



ಸಾಧಾರಣ ಕಾಲದ 23ನೇ ಭಾನುವಾರದ ಶುಭಸಂದೇಶದಲ್ಲಿ (ಲೂಕ 14:25-33) ಪ್ರಭು ಯೇಸು ಗೋಪುರ ಕಟ್ಟಲು ಹೊರಟವನ ಸಾಮತಿಯನ್ನು ಹೇಳುತ್ತಾರೆ. ಅವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಇಲ್ಲವಾದರೆ ಅಡಿಪಾಯಕ್ಕೇ ಕೆಲಸ ನಿಂತು ನಗೆಪಾಟಲಾಗುತ್ತಾನೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲದಲ್ಲೇ ಈ ವಾಕ್ಯ ನಮಗೆ ಸಿಕ್ಕಿದೆ. ದೇವರ ಸೃಷ್ಟಿಯ ಮೇಲೆ ನಮ್ಮ ಮನೆಗಳು ಹೊರಿಸುವ ಖರ್ಚೆಷ್ಟು?

ಇದನ್ನು ಅಳೆಯುವ ಒಂದು ಅಳತೆಗೆ ಇಂಗಾಲದ ಹೆಜ್ಜೆಗುರುತು ಎಂದು ಹೆಸರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 14.2 ಕೆ.ಜಿ.ಯ ಗ್ಯಾಸ್ ಸಿಲಿಂಡರ್ ಒಂದು ಖಾಲಿಯಾಗುವಷ್ಟರಲ್ಲಿ ಸುಮಾರು 42 ಕೆ.ಜಿ. ದೇಶದ ಸರಾಸರಿಯಂತೆ 100 ಯೂನಿಟ್ ವಿದ್ಯುತ್ತಿಗೆ ಸುಮಾರು 70 ಕೆ.ಜಿ. ತಮಿಳುನಾಡು ಸರ್ಕಾರ ಎರಡು ತಿಂಗಳಿಗೊಮ್ಮೆ ಕೊಡುವ 100 ಯೂನಿಟ್ ನಮಗೆ ಉಚಿತ, ಸೃಷ್ಟಿಗೆ ಉಚಿತವಲ್ಲ.

ಲೆಕ್ಕ ಬಂದ ಕೂಡಲೇ ಒಂದು ಸುಲಭದ ಆಸೆ ಹುಟ್ಟುತ್ತದೆ: ಅಷ್ಟಕ್ಕೆ ತಕ್ಕಷ್ಟು ಸಸಿ ನೆಟ್ಟರಾಯಿತು! ನಮ್ಮ ಯುವಜನರ ಸಭೆಯಲ್ಲೂ ಈ ಮಾತು ಬಂತು. ಖಾಲಿ ಬಿದ್ದಿರುವ ಹುಲ್ಲುಗುಡ್ಡದ ಮೇಲೆ ಸಸಿ ನೆಡೋಣ ಎಂದರು. ಆದರೆ ಆ ಗುಡ್ಡ ಖಾಲಿ ಇಲ್ಲ. ನಮ್ಮ ನೀಲಗಿರಿಯ ಎತ್ತರದ ಹುಲ್ಲುಗಾವಲು ಮಳೆಯನ್ನು ಕುಡಿದು ಮಣ್ಣಿನಲ್ಲಿ, ಜೌಗಿನಲ್ಲಿ ಹಿಡಿದಿಟ್ಟು, ಶೋಲಾ ಕಾಡಿನ ತೊರೆಗಳಿಗೆ ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತದೆ. ಆ ನೀರು ಪೈಕಾರ, ಮೋಯಾರ್, ಭವಾನಿಗಳಾಗಿ ಕಾವೇರಿ ಸೇರುತ್ತದೆ. ಪ್ರಕೃತಿ ಹೀಗೆ ಸದ್ದಿಲ್ಲದೆ ಮಾಡುವ ಕೆಲಸಗಳನ್ನು ವಿಜ್ಞಾನಿಗಳು ಪರಿಸರ ಸೇವೆಗಳು ಎನ್ನುತ್ತಾರೆ.

ನಮ್ಮ ಜಿಲ್ಲೆಯ ಗ್ಲೆನ್‌ಮಾರ್ಗನ್‌ನಲ್ಲಿ ವಿಜ್ಞಾನಿಗಳು ಎರಡು ಕಿರು ಜಲಾನಯನಗಳನ್ನು ಹೋಲಿಸಿ ನೋಡಿದರು. ಒಂದನ್ನು ಹುಲ್ಲು-ಶೋಲೆಯಾಗಿಯೇ ಬಿಟ್ಟರು. ಇನ್ನೊಂದರಲ್ಲಿ 1972ರಲ್ಲಿ ನೀಲಗಿರಿ ತೈಲದ ಮರ ನೆಟ್ಟರು. ಮೊದಲ ಹತ್ತು ವರ್ಷಗಳಲ್ಲಿ, ಮರ ನೆಟ್ಟ ಕಡೆ ಹರಿದ ನೀರು ಸರಾಸರಿ ಶೇ. 16ರಷ್ಟು ಕಡಿಮೆಯಾಯಿತು. ಇಂಗಾಲದ ಪಟ್ಟಿಯಲ್ಲಿ ಆ ಮರಗಳಿಗೆ ಒಳ್ಳೆಯ ಅಂಕ. ಕೊಡ ಹಿಡಿದು ನಿಂತ ತಾಯಿಗೆ ಸೊರಗಿದ ತೊರೆ. ವಾಹನವೇ ಇಲ್ಲದ ಮನೆಯ ಹೆಜ್ಜೆಗುರುತು ಅತಿ ಚಿಕ್ಕದು, ಆದರೆ ನೀರು ಬತ್ತಿದಾಗ ಮೊದಲು ಬಳಲುವುದು ಆ ಮನೆಯೇ.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಈ ಎರಡನ್ನೂ ಕಂಡಿದ್ದಾರೆ. ಇಂಗಾಲದ ಸಾಲಪತ್ರಗಳ ಮಾರಾಟ ಹೊಸ ಬಗೆಯ ಸಟ್ಟಾ ವ್ಯಾಪಾರವಾಗಬಹುದು ಎಂದು ಎಚ್ಚರಿಸುತ್ತಾರೆ. ನಿಸರ್ಗ ವ್ಯವಸ್ಥೆಗಳು ನಮಗೆ ಉಪಯೋಗಕ್ಕೆ ಬರುತ್ತವೆ ಎಂಬುದಷ್ಟೇ ಅವುಗಳ ಬೆಲೆಯಲ್ಲ, ಅವಕ್ಕೆ ತಮ್ಮದೇ ಆದ ಬೆಲೆಯಿದೆ ಎಂದೂ ಕಲಿಸುತ್ತಾರೆ. ಹುಲ್ಲುಗುಡ್ಡವನ್ನೂ ಸೃಷ್ಟಿಸಿ ಒಳ್ಳೆಯದೆಂದು ಕಂಡವರು ದೇವರೇ ಅಲ್ಲವೇ?

ಪ್ರಿಯರೇ, ಆ ಶುಭಸಂದೇಶ ಲೆಕ್ಕದೊಂದಿಗೆ ಮುಗಿಯುವುದಿಲ್ಲ. ಇರುವುದನ್ನು ಬಿಟ್ಟುಕೊಡದವನು ತಮ್ಮ ಶಿಷ್ಯನಾಗಲಾರ ಎಂದು ಪ್ರಭು ಮುಗಿಸುತ್ತಾರೆ. ಲೆಕ್ಕ ಹಾಕುವುದು ಮನಸ್ಸಿಗೆ ಸಮಾಧಾನ ಕೊಂಡುಕೊಳ್ಳಲು ಅಲ್ಲ, ಏನನ್ನು ಬಿಡಬೇಕೆಂದು ತಿಳಿಯಲು.

ಆದ್ದರಿಂದ ಈ ತಿಂಗಳು ಪ್ರತಿ ಕುಟುಂಬವೂ ಪೆಟ್ರೋಲ್, ಗ್ಯಾಸ್, ವಿದ್ಯುತ್ತನ್ನು ಒಂದು ಹಾಳೆಯಲ್ಲಿ ಬರೆದಿಡೋಣ. ಅದನ್ನು ನೋಡಿ ಒಂದನ್ನಾದರೂ ಕಡಿಮೆ ಮಾಡೋಣ. ಹತ್ತಿರವಿರುವವರು ಭಾನುವಾರದ ಪೂಜೆಗೆ ನಡೆದೇ ಬರೋಣ. ಹುಲ್ಲುಗುಡ್ಡವನ್ನು ಹಾಗೆಯೇ ಬಿಟ್ಟು, ನಾವು ನೆಡುವ ಸಸಿಗಳು ಚರ್ಚಿನ ಆವರಣದಲ್ಲಿರಲಿ, ಶೋಲೆಯ ನಾಟಿ ಜಾತಿಯವೇ ಆಗಿರಲಿ. ತಮಿಳು, ಮಲಯಾಳಂ, ಕನ್ನಡ ಯಾವ ಭಾಷೆಯ ಪೂಜೆಗೆ ಬಂದರೂ ನಾವೆಲ್ಲ ಕುಡಿಯುವುದು ಒಂದೇ ಬೆಟ್ಟದ ನೀರು.

ಸೃಷ್ಟಿಕರ್ತರಾದ ದೇವರೇ, ಪ್ರಾಮಾಣಿಕವಾಗಿ ಎಣಿಸುವ ಬುದ್ಧಿಯನ್ನೂ ಸಂತೋಷದಿಂದ ಬಿಟ್ಟುಕೊಡುವ ಮನಸ್ಸನ್ನೂ ನಮಗೆ ದಯಪಾಲಿಸಿರಿ. ಆಮೆನ್.