ಖಾಲಿ ಕೇಜ್ ಮೊದಲು

ನಮ್ಮಪ್ಪ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಗಣಿಗೆ ಇಳಿದವರಲ್ಲ, ಇಳಿಸಿದವರು. ಶಾಫ್ಟಿನ ಪಕ್ಕದ ಎಂಜಿನ್ ಮನೆಯಲ್ಲಿ ಕೂತು, ಎದುರಿನ ಡಯಲ್ಲಿನ ಮುಳ್ಳಿನ ಮೇಲೆ ಕಣ್ಣಿಟ್ಟು, ಗಂಟೆ ಎಷ್ಟು ಸಲ ಹೊಡೆಯಿತೆಂದು ಎಣಿಸಿ, ಉಕ್ಕಿನ ಹಗ್ಗಕ್ಕೆ ತೂಗಿದ ಕೇಜನ್ನು ಕೆಳಗೆ ಬಿಡುವುದು, ಮೇಲಕ್ಕೆ ಸೆಳೆಯುವುದು ಅವರ ಕೆಲಸ. ಕೇಜಿನಲ್ಲಿ ನಿಂತವರಿಗೆ ಅಪ್ಪ ಕಾಣುತ್ತಿರಲಿಲ್ಲ, ಅಪ್ಪನಿಗೆ ಅವರು ಕಾಣುತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ಹಗ್ಗ, ಒಂದು ಗಂಟೆ. ಆದರೂ ಷಿಫ್ಟಿಗೆ ಷಿಫ್ಟು ಜನ ಬಂದು ಹತ್ತಿ ನಿಲ್ಲುತ್ತಿದ್ದರು.

"ಅಷ್ಟು ಜನ ನಿನ್ನನ್ನ ಹೇಗಪ್ಪಾ ನಂಬ್ತಾರೆ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಪ್ಪ ಅನ್ನ ಕಲಸುತ್ತಲೇ, "ನನ್ನ ಯಾರಮ್ಮ ನಂಬ್ತಾರೆ? ಹಗ್ಗ ನೋಡೋರು ಇದ್ದಾರೆ ಅಂತ ಹತ್ತುತಾರೆ" ಅಂದಿದ್ದರು.

ಆ ಮಾತು ಮತ್ತೆ ನೆನಪಾದದ್ದು 2025ರ ಅಕ್ಟೋಬರಿನಲ್ಲಿ, ಬಂಗಾರಪೇಟೆಯ ನಮ್ಮ ಮನೆಯಲ್ಲಿ, ಹಳೇ ಕಂಪ್ಯೂಟರಿನ ಮುಂದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಪ್ಪ ಅದಕ್ಕೆ ಮೊದಲೇ ರಿಟೈರ್ ಆಗಿದ್ದರು. ಅವರು ಹೇಳಿದ್ದನ್ನೆಲ್ಲ 2008ರಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ನನಗಿರುವ ಆಸ್ತಿ ಅದೊಂದೇ. ಪೆನ್ಷನ್, ಕರೆಂಟ್ ಬಿಲ್ಲು, ಮಗಳ ಜೊತೆ ವಿಡಿಯೊ ಮಾತುಕತೆ ಬೇರೆ.

ಕಂಪ್ಯೂಟರನ್ನು ಆಗಾಗ ಬಂದು ನೋಡುವವನು ನನ್ನ ಹಳೇ ವಿದ್ಯಾರ್ಥಿ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ವಾಪಸ್. ಅವತ್ತು ಭಾನುವಾರ. "ಮಿಸ್, 14ನೇ ತಾರೀಖಿಗೆ ವಿಂಡೋಸ್ 10ರ ಕತೆ ಮುಗೀತು. ಇನ್ಮೇಲೆ ತೂತು ಬಿದ್ರೆ ತೇಪೆ ಹಾಕೋರಿಲ್ಲ" ಅಂದ.

"ಹನ್ನೊಂದು ಹಾಕಪ್ಪ ಹಾಗಾದ್ರೆ."

"ಈ ಪೆಟ್ಟಿಗೆಗೆ ಹನ್ನೊಂದು ಹತ್ತಲ್ಲ ಮಿಸ್. ಅದಕ್ಕೆ ಟಿಪಿಎಂ 2.0 ಬೇಕು, ಹೊಸಾ ಪ್ರೊಸೆಸರ್ ಬೇಕು."

ದಾರಿಗಳು ಮೂರು. ಮೈಕ್ರೋಸಾಫ್ಟಿನ ವಿಸ್ತರಣೆ ಯೋಜನೆಗೆ ಸೇರಿ 2026ರ ಅಕ್ಟೋಬರ್ 13ರವರೆಗೆ ತೇಪೆ ಹಾಕಿಸಿಕೊಳ್ಳುತ್ತ ಕಾಲ ತಳ್ಳುವುದು. ಹೊಸ ಕಂಪ್ಯೂಟರ್ ಕೊಳ್ಳುವುದು. ಇಲ್ಲವೇ ಇದೇ ಪೆಟ್ಟಿಗೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕುವುದು. "ನಿಮ್ಮಿಷ್ಟ ಮಿಸ್" ಎಂದು ಅವನು ಕಾಫಿ ಲೋಟ ಎತ್ತಿಕೊಂಡ. ನನಗೆ ಇಷ್ಟದ ಪ್ರಶ್ನೆ ಏಳಲಿಲ್ಲ. ಯಾರನ್ನು ನಂಬಬೇಕು, ಯಾಕೆ ನಂಬಬೇಕು, ಎಲ್ಲಿಯವರೆಗೆ ನಂಬಬೇಕು? ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದುವಾಗ ಈ ಪ್ರಶ್ನೆಗಳಿಗೆ ಹತ್ತು ಮಾರ್ಕಿನ ಉತ್ತರ ಬರೆದಿದ್ದೆ. ಮನೆಯೊಳಗೇ ಎದುರಾಗಿದ್ದು ಈಗ.

ನನಗೆ ಒಮ್ಮೆ ಪೆಟ್ಟು ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ, ದುಡ್ಡು ಕೊಟ್ಟು ಹಾಕಿಸಿದ್ದ ಒಂದು ಆಂಟಿವೈರಸ್ಸಿನ ಗಡುವು ಹತ್ತಿರ ಬಂದಾಗ, ದಿನಾ ಪರದೆಯ ಮೂಲೆಯಲ್ಲಿ ಕೆಂಪು ಚೌಕ ಎದ್ದು "ನೀವು ಅಪಾಯದಲ್ಲಿದ್ದೀರಿ" ಅನ್ನತೊಡಗಿತು. ಅದೇ ಹೆದರಿಕೆಯಲ್ಲಿದ್ದಾಗ, ಅದೇ ಬಣ್ಣದ ಇನ್ನೊಂದು ಚೌಕ ಬ್ರೌಸರಿನಲ್ಲಿ ಎದ್ದಿತು. ಕೆಳಗೊಂದು ಫೋನ್ ನಂಬರ್. ಫೋನ್ ಮಾಡಿದೆ. ಆ ಕಡೆಯ ಮನುಷ್ಯ "ಮೇಡಂ, ಗಾಬರಿ ಆಗಬೇಡಿ" ಎಂದು ಹೇಳಿ ಹೇಳಿಯೇ ಗಾಬರಿ ಹೆಚ್ಚಿಸಿದ; ಯಾವುದೋ ಸಾಫ್ಟ್‌ವೇರ್ ಹಾಕಿಸಿದ. ಬಾಣದ ಗುರುತು ನನ್ನ ಕೈ ತಾಗದೆ ತಾನೇ ಪರದೆಯ ಮೇಲೆ ಓಡಾಡುವುದನ್ನು ನೋಡಿ ಮೈ ಜುಮ್ಮೆಂದಿತು. ವೈರ್ ಕಿತ್ತುಹಾಕಿದೆ. ಹೋದದ್ದು ನಾಲ್ಕು ಸಾವಿರ ರೂಪಾಯಿ, ಒಂದು ವಾರದ ನಿದ್ದೆ.

ಆಮೇಲೆ ಯೋಚಿಸಿದೆ: ನಿಜವಾದ ಕಾವಲುಗಾರನ ಮಾತನ್ನೂ ಕಳ್ಳನ ಮಾತನ್ನೂ ನನಗೆ ಬೇರೆ ಮಾಡಲಾಗಲಿಲ್ಲವಲ್ಲ, ಯಾಕೆ? ಇಬ್ಬರೂ ಒಂದೇ ಭಾಷೆ ಆಡಿದ್ದರು, ಹೆದರಿಕೆಯ ಭಾಷೆ. ತಾಯತ ಮಾರುವವನೂ ಮೊದಲು ದೆವ್ವ ಮಾರುತ್ತಾನೆ; ದೆವ್ವಕ್ಕೆ ದುಡ್ಡು ಕೇಳುವುದಿಲ್ಲ, ಅಷ್ಟೆ.

ಹಾಗಾದರೆ ಯಾರ ಮಾತು ಕೇಳಬಹುದು? ಇದಕ್ಕೆ ನ್ಯಾಯದರ್ಶನದಲ್ಲಿ ಒಂದು ಅಳತೆಗೋಲಿದೆ. ಗೌತಮನ ಸೂತ್ರದ ಪ್ರಕಾರ ಆಪ್ತನ ಉಪದೇಶವೇ ಶಬ್ದಪ್ರಮಾಣ, ಅಂದರೆ ನಂಬಬಹುದಾದ ಮಾತು. ಇವತ್ತು ನಾವು ಆಪ್ತ ಅಂದರೆ ಬೇಕಾದವರು, ಹತ್ತಿರದವರು ಅಂದುಕೊಳ್ಳುತ್ತೇವೆ. ಮಂತ್ರಿಗಳಿಗೆ ಆಪ್ತ ಸಹಾಯಕರೂ ಇರುತ್ತಾರೆ. ಭಾಷ್ಯಕಾರ ವಾತ್ಸ್ಯಾಯನನ ಆಪ್ತ ಬೇರೆ. ವಿಷಯವನ್ನು ಸ್ವತಃ ಕಂಡು ತಿಳಿದವನು, ಜೀವಿಗಳ ಮೇಲೆ ದಯೆ ಉಳ್ಳವನು, ಕಂಡದ್ದನ್ನು ಕಂಡಂತೆ ಹೇಳುವ ಬಯಕೆ ಇರುವವನು. ಅವನು ಋಷಿಯಾದರೇನು, ಆರ್ಯನಾದರೇನು, ಮ್ಲೇಚ್ಛನಾದರೇನು, ಲಕ್ಷಣ ಒಂದೇ ಅನ್ನುತ್ತಾನೆ. ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳುವ ಕೆಜಿಎಫ್‌ನಲ್ಲಿ ಹುಟ್ಟಿದ ನನಗೆ ಈ ಕೊನೆಯ ಮಾತು ಓದಿದಾಗಲೇ ಮೆಚ್ಚಿಗೆಯಾಗಿತ್ತು.

ಈ ಗೋಲನ್ನು ಸಾಫ್ಟ್‌ವೇರಿಗೆ ಹಿಡಿದು ನೋಡಿದೆ. ಜ್ಞಾನದಲ್ಲಿ ದೊಡ್ಡ ಕಂಪನಿಗಳು ಕಡಿಮೆಯಿಲ್ಲ. ಸೋಲುವುದು ಉಳಿದೆರಡರಲ್ಲಿ. ಮನೆ ಕಾಯುತ್ತೇವೆಂದು ಬಂದು, ಮನೆಯವರು ಯಾವ ಯಾವ ವೆಬ್‌ಸೈಟಿಗೆ ಹೋದರೆಂಬ ಲೆಕ್ಕವನ್ನು ಮಾರಿದ ಆರೋಪದ ಮೇಲೆ ಆಂಟಿವೈರಸ್ ಕಂಪನಿ ಅವಾಸ್ಟ್ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ 1.65 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆಂಟಿವೈರಸ್ಸಿಗೆ ಕಂಪ್ಯೂಟರಿನಲ್ಲಿ ಯಜಮಾನನಿಗಿಂತ ಹೆಚ್ಚಿನ ಅಧಿಕಾರ ಇರುತ್ತದೆ. ಎಲ್ಲ ಕಡತವನ್ನೂ ತೆರೆದು ನೋಡದೆ ಅದು ಕಾಯಲಾರದು. ಬೀಗದ ಕೈ ಗೊಂಚಲನ್ನೇ ಕೊಟ್ಟ ಮೇಲೆ ಕಾವಲುಗಾರ ಕೆಟ್ಟರೂ ಕಷ್ಟ, ಎಡವಿದರೂ ಕಷ್ಟ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಕಳ್ಳ ಬಂದಿರಲೇ ಇಲ್ಲ.

ಹಾಗೆಂದು ವಿಂಡೋಸನ್ನು ದೂರಲು ನಾನು ಕೂತಿಲ್ಲ. ಅದರ ಜೊತೆಗೇ ಬರುವ ಡಿಫೆಂಡರ್ ನನ್ನಂಥವರ ಮನೆಗೆ ಸಾಕು, ಮೇಲೊಂದು ಕೊಂಡು ಹಾಕಬೇಕಿಲ್ಲ ಎಂಬುದು ನನ್ನ ಈ ವಿದ್ಯಾರ್ಥಿಯ ಮಾತು. ಪೆಟ್ಟು ತಿಂದ ಮೇಲೆ ನಾನೂ ಒಪ್ಪಿದ್ದೇನೆ. ಅಪ್‌ಡೇಟ್ ಬಿಡದೆ ಹಾಕುವುದು, ದಿನದ ಕೆಲಸಕ್ಕೆ ಅಧಿಕಾರ ಕಡಿಮೆ ಇರುವ ಖಾತೆ ಬಳಸುವುದು, ಬರೆದದ್ದರ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಬೀರುವಿನಲ್ಲಿಡುವುದು. ಈ ಮೂರು ಮಾಡಿದವರಿಗೆ ಅರ್ಧ ಭಯ ಇಳಿಯುತ್ತದೆ.

ಉಳಿದರ್ಧದ ಬಗ್ಗೆ ಮೀಮಾಂಸಕರಿಗೂ ನೈಯಾಯಿಕರಿಗೂ ಹಳೇ ಜಗಳವಿದೆ. ಮೈಸೂರಿನ ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರದ ಮೇಲೆ ಇಂಗ್ಲಿಷಿನಲ್ಲಿ ಬರೆದ 1932ರ ಪುಸ್ತಕದಲ್ಲಿ ನಾನದನ್ನು ಓದಿದ್ದು. ಜ್ಞಾನ ಹುಟ್ಟುವಾಗಲೇ ಪ್ರಮಾಣ, ಸುಳ್ಳೆಂದು ತೋರಿಸುವವರೆಗೂ ನಂಬು ಅನ್ನುತ್ತದೆ ಮೀಮಾಂಸೆ, ಇದು ಸ್ವತಃಪ್ರಾಮಾಣ್ಯ. ಇಲ್ಲ, ಬೇರೊಂದರಿಂದ ಒರೆಗೆ ಹಚ್ಚಿದ ಮೇಲೆಯೇ ಪ್ರಮಾಣ ಅನ್ನುತ್ತದೆ ನ್ಯಾಯ, ಅದು ಪರತಃಪ್ರಾಮಾಣ್ಯ. ಹಳೇ ಆಂಟಿವೈರಸ್ ಮೀಮಾಂಸಕ: ಬಂದ ಪ್ರೋಗ್ರಾಮನ್ನೆಲ್ಲ ಒಳಗೆ ಬಿಡುತ್ತದೆ, ತನ್ನ ಕಳ್ಳರ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಹಿಡಿಯುತ್ತದೆ. ಲಿನಕ್ಸ್ ಮಿಂಟ್ ನೈಯಾಯಿಕ: ತನ್ನ ಭಂಡಾರದಿಂದ ಬಂದದ್ದಕ್ಕೆ ಸಹಿ ಇದೆಯೇ ಎಂದು ನೋಡಿ ಹಾಕಿಕೊಳ್ಳುತ್ತದೆ.

ನನಗೆ ನೈಯಾಯಿಕನೇ ಹಿಡಿಸಿದ. ಹುಡುಗ ಪೆನ್‌ಡ್ರೈವಿಗೆ ಮಿಂಟ್ ಇಳಿಸಿಕೊಂಡು ಬಂದ. ಹಾಕುವ ಮೊದಲು ಕಪ್ಪು ಕಿಟಕಿಯೊಂದನ್ನು ತೆರೆದು ಏನೋ ಟೈಪ್ ಮಾಡಿದ. 64 ಅಕ್ಷರ-ಅಂಕಿಗಳ ಒಂದು ಸಾಲು ಬಂತು. ಇಳಿಸಿದ ಕಡತದ ಬೆರಳಚ್ಚು ಅದು. ಒಂದು ಬಿಂದು ವ್ಯತ್ಯಾಸವಾದರೂ ಸಾಲೇ ಬೇರೆಯಾಗುತ್ತದಂತೆ. ವೆಬ್‌ಸೈಟಿನಲ್ಲಿದ್ದ ಸಾಲನ್ನು ಅವನು ಮೊಬೈಲಿನಲ್ಲಿ ನೋಡಿ ಓದಿದ, ನಾನು ಪರದೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ, ಮಗ್ಗಿ ಒಪ್ಪಿಸುವವರ ಹಾಗೆ. ಸರಿಹೋಯಿತು.

"ಆ ವೆಬ್‌ಸೈಟೇ ಕಳ್ಳರ ಕೈಯಲ್ಲಿದ್ರೆ?" ಅಂದೆ.

ಅವನು ನಕ್ಕ. "ಮಿಸ್, ಅದೂ ಆಗಿದೆ." 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟಿನ ವೆಬ್‌ಸೈಟಿಗೇ ನುಗ್ಗಿ, ಅಸಲಿನ ಜಾಗದಲ್ಲಿ ಹಿಂಬಾಗಿಲಿಟ್ಟ ನಕಲಿಗೆ ಕೊಂಡಿ ಹಾಕಿದ್ದರಂತೆ. ಕೊಂಡಿ ಬದಲಿಸಿದವನಿಗೆ ಅಲ್ಲಿರುವ ಬೆರಳಚ್ಚು ಬದಲಿಸುವುದೂ ಕಷ್ಟವಲ್ಲ. ಅದಕ್ಕೇ ಬೆರಳಚ್ಚಿನ ಮೇಲೊಂದು ಸಹಿ. ಸಹಿ ಅವರದೇ ಎನ್ನಲು ಕೀಲಿ. ಕೀಲಿ ಅವರದೇ ಎನ್ನಲು?

ನೈಯಾಯಿಕನ ವಿರುದ್ಧ ಮೀಮಾಂಸಕ ಎತ್ತುವ ಆಕ್ಷೇಪ ಇದೇ: ಒಂದಕ್ಕೆ ಇನ್ನೊಂದು ಸಾಕ್ಷಿ, ಅದಕ್ಕೆ ಮತ್ತೊಂದು, ತುದಿಯೇ ಇಲ್ಲ. ಅನವಸ್ಥಾ ದೋಷ. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನೇ ಮಾಡಿ ತೋರಿಸಿದರು. ಪ್ರೋಗ್ರಾಮಿನ ಮೂಲ ಪಠ್ಯ ಶುದ್ಧವಾಗಿದ್ದರೂ, ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿನಲ್ಲಿ ವಿಷ ಅಡಗಿರಬಹುದು; ಆ ಕಂಪೈಲರಿನ ಪಠ್ಯವನ್ನು ಓದಿದರೂ ಅದು ಕಾಣದಂತೆ ಮಾಡಬಹುದು. ಪೂರ್ತಿ ನೀನೇ ಬರೆಯದ ಯಾವುದನ್ನೂ ಪೂರ್ತಿ ನಂಬಲಾರೆ ಎಂಬುದು ಅವರ ತಾತ್ಪರ್ಯ. ನನ್ನ ಕೈಯಲ್ಲಿ ಬರೆಯಲಾಗುವುದು ಅಪ್ಪನ ನೆನಪು ಮಾತ್ರ.

ಆಗ ಅಪ್ಪನ ಊಟದ ತಟ್ಟೆಯ ಮಾತು ನೆನಪಾಯಿತು. ಕೇಜ್ ಹತ್ತುವವನು ಹಗ್ಗದ ಎಳೆ ಎಳೆಯನ್ನೂ ನೋಡುತ್ತಿರಲಿಲ್ಲ, ಉಕ್ಕು ಎಲ್ಲಿ ಎರಕವಾಯಿತೆಂದು ವಿಚಾರಿಸುತ್ತಿರಲಿಲ್ಲ. ದಿನಾ ನೋಡುವವರಿದ್ದಾರೆ, ಕಾಲಕಾಲಕ್ಕೆ ಹಗ್ಗದ ತುದಿ ಕತ್ತರಿಸಿ ಹೊಸದಾಗಿ ಬಿಗಿಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಕೆಳಗಿಳಿದ ಮೇಲೆ ತನ್ನ ತಲೆಯ ಮೇಲಿನ ಬಂಡೆಯನ್ನು ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ. ಕಬ್ಬಿಣದ ಸರಳಿನಿಂದ ತಟ್ಟಿ ಕೇಳುತ್ತಿದ್ದ. ಗಟ್ಟಿ ಬಂಡೆ ಖಣ್ ಅನ್ನುತ್ತದೆ, ಸಡಿಲ ಬಂಡೆ ಬೊದ್ ಅನ್ನುತ್ತದೆ. ಬೊದ್ ಅಂದರೆ ಸರಿದು ನಿಲ್ಲಬೇಕು. ಮೀಮಾಂಸಕರು ಇದಕ್ಕೆ ಬಾಧಕ ಅನ್ನುತ್ತಾರೆ: ನಂಬಿಕೆಯನ್ನು ಕೆಡಿಸುವ ಅನುಭವ. ಅದು ಬರುವವರೆಗೆ ಸುಮ್ಮಸುಮ್ಮನೆ ಸಂಶಯಪಡಬೇಡ ಅನ್ನುವುದು ಅವರ ವಾದ. ಅದಕ್ಕೆ ಗಣಿಯವನು ಸೇರಿಸಿದ್ದು ಒಂದೇ ಮಾತು: ತಟ್ಟುವುದನ್ನು ಬಿಡಬೇಡ.

2024ರ ಮಾರ್ಚಿನಲ್ಲಿ ಆದದ್ದೂ ಇಂಥ ತಟ್ಟುವಿಕೆಯೇ. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇರುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶಕ್ಕೆ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಕೆಲಸ ಮಾಡಿಕೊಟ್ಟು, ಆಪ್ತನಾಗಿ, ಕೊನೆಗೆ ಹಿಂಬಾಗಿಲು ಕೂರಿಸಿದ್ದ. ಅದು ಲೋಕಕ್ಕೆ ಹರಡುವ ಹೊತ್ತಿಗೆ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತನ್ನ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಗಮನಕ್ಕೆ ಬಂತು. ಬೊದ್ ಅಂದಿತ್ತು. ಬೆನ್ನು ಹತ್ತಿದರು, ಹಿಡಿದರು. ಅವರು ಕೆಲಸಕ್ಕಿದ್ದದ್ದು ಮೈಕ್ರೋಸಾಫ್ಟಿನಲ್ಲಿ, ಉಳಿಸಿದ್ದು ಲಿನಕ್ಸನ್ನು. ಲಕ್ಷಣ ಎಲ್ಲರಿಗೂ ಒಂದೇ ಎಂದ ವಾತ್ಸ್ಯಾಯನ ಕೇಳಿದ್ದರೆ ಸಂತೋಷಪಡುತ್ತಿದ್ದ. ಪಠ್ಯ ಬಯಲಲ್ಲಿ ಇದ್ದದ್ದರಿಂದ ಅವರಿಗೆ ಬೆನ್ನು ಹತ್ತಲು ಸಾಧ್ಯವಾಯಿತು. ನಾನು ಆ ಪಠ್ಯ ಓದಲಾರೆ, ನಿಜ. ಆದರೆ ಹಗ್ಗ ನೋಡುವವರಿಗೆ ನೋಡಲು ಬಿಡುವ ಗಣಿ ಯಾವುದು, ಬಿಡದ್ದು ಯಾವುದು ಎಂಬುದು ನನಗೂ ಗೊತ್ತಾಗುತ್ತದೆ. ನಾನು ಮಿಂಟ್ ಕಡೆ ವಾಲಿದ್ದು ಅದಕ್ಕೆ.

ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಎರಡು ವಾರದ ಹಿಂದಿನ ಆಯುಧಪೂಜೆಯ ಕುಂಕುಮ ಒಣಗಿತ್ತು. ಒರೆಸಲು ಹುಡುಗ ಬಟ್ಟೆ ತೆಗೆದುಕೊಂಡ, ಬೇಡ ಅಂದೆ. ಅಪ್ಪನೂ ಲಿವರಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕೈ ಮುಗಿಯುತ್ತಿದ್ದರು. ಕುಂಕುಮ ಇಟ್ಟಿದ್ದೇನೆಂದು ಹಗ್ಗ ನೋಡುವುದನ್ನು ಬಿಟ್ಟವರಲ್ಲ. ತಾಯತ ನಿನಗೇನೂ ಆಗದು ಅನ್ನುತ್ತದೆ. ಪೂಜೆ ಹಾಗೆ ಹೇಳುವುದಿಲ್ಲ. ಇದರ ಮೇಲೆ ಜೀವಗಳಿವೆ, ಜೋಪಾನ ಅನ್ನುತ್ತದೆ.

ಪೆನ್‌ಡ್ರೈವಿನಿಂದಲೇ ಮಿಂಟ್ ಎದ್ದಿತು. ಒಳಗಿನ ಡಿಸ್ಕನ್ನು ಇನ್ನೂ ಮುಟ್ಟಿರಲಿಲ್ಲ. ಅಪ್ಪನ ಕಡತದ ಪ್ರತಿ ತೆರೆದೆ. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಎದೆ ಧಸಕ್ಕೆಂದಿತು. "ಹಳೇ ನುಡಿ ಅಲ್ವಾ ಮಿಸ್, ಫಾಂಟ್ ಇಲ್ಲ ಅಷ್ಟೆ" ಎಂದು ಅವನು ಫಾಂಟ್ ಕಡತವನ್ನು ತಂದು ಒಂದು ಫೋಲ್ಡರಿಗೆ ಹಾಕಿದ. ಮತ್ತೆ ತೆರೆದಾಗ ಕನ್ನಡ ಬಂತು. ಕೀಲಿಮಣೆಯಲ್ಲಿ ಕಗಪ ವಿನ್ಯಾಸವೂ ಇತ್ತು. ಬೆರಳಿಗೆ ಹೊಸದಾಗಿ ಕಲಿಸುವುದೇನಿರಲಿಲ್ಲ.

"ಹಾಕಿಬಿಡ್ಲಾ ಮಿಸ್?"

ತೆರೆದಿದ್ದ ಪುಟದಲ್ಲೇ ಅಪ್ಪನ ಮಾತಿತ್ತು. ಕೇಜ್ ಒಂದೆರಡು ಗಂಟೆ ನಿಂತಿದ್ದರೆ, ಜನರನ್ನು ಹತ್ತಿಸುವ ಮೊದಲು ಅದನ್ನು ಖಾಲಿಯಾಗಿ ತಳದವರೆಗೆ ಬಿಟ್ಟು ಮೇಲೆ ತರಬೇಕು, ಅದು ನಿಯಮ. ತಡವಾಯಿತೆಂದು ಜನ ಬೈಯುತ್ತಾರೆ, ಬೈಯಲಿ.

"ಬೇಡಪ್ಪ" ಅಂದೆ. "ಒಂದು ವಾರ ಹೀಗೇ ಪೆನ್‌ಡ್ರೈವಿನಲ್ಲಿ ಓಡಲಿ. ಮುಂದಿನ ಭಾನುವಾರ ಬಾ."