ಖಾಲಿ ಕಾಲಮ್ಮೂ ಅನುಪಲಬ್ಧಿಯೂ

ನೆಲದ ಮೇಲೆ ಗಡಿಗೆ ಇಲ್ಲವೆಂದು ನಮಗೆ ತಿಳಿಯುವುದು ಹೇಗೆ? ಕಣ್ಣಿಗೆ ಬೀಳುವುದು ಬರಿಯ ನೆಲ. ‘ಇಲ್ಲ’ ಎಂಬುದಕ್ಕೆ ಬಣ್ಣವೂ ಇಲ್ಲ, ಆಕಾರವೂ ಇಲ್ಲ. ಮೀಮಾಂಸಕ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಇದಕ್ಕೆಂದೇ ಆರನೆಯದೊಂದು ಪ್ರಮಾಣವನ್ನು, ಅಂದರೆ ಅರಿವಿನ ಸಾಧನವನ್ನು, ಒಪ್ಪಿದ. ಅವನ ಪರಂಪರೆ ಅದನ್ನು ಅನುಪಲಬ್ಧಿ ಎಂದು ಕರೆಯಿತು. ಮೀಮಾಂಸೆಯ ಇನ್ನೊಂದು ಪಂಥದ ಪ್ರಭಾಕರನಿಗೆ ಅದು ಬೇಡವಾಯಿತು. ನೈಯಾಯಿಕರು ಅಭಾವವೂ ಪ್ರತ್ಯಕ್ಷಕ್ಕೇ ಸಿಕ್ಕುತ್ತದೆ ಎಂದರು. ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಸಾಕೆಂದರು. ಈ ಜಗಳದಲ್ಲಿ ಯಾರು ಗೆದ್ದರು ಎನ್ನುವುದಕ್ಕಿಂತ ಅನುಪಲಬ್ಧಿವಾದಿಗಳು ತಮಗೆ ತಾವೇ ಹಾಕಿಕೊಂಡ ಒಂದು ಕಟ್ಟುಪಾಡು ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಅದೇ ಯೋಗ್ಯತೆಯ ನಿಯಮ: ವಸ್ತು ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯ ಬಗ್ಗೆ ಏನನ್ನೂ ಹೇಳಲಾಗದು.

ಡೇಟಾಬೇಸಿನ ಕಾಲಮ್ಮಿಗೆ ಡೀಫಾಲ್ಟ್ ಬೆಲೆ ಕೊಡುವಾಗ ಪ್ರೋಗ್ರಾಮರ್ ಎದುರಿಗೆ ಇರುವುದೂ ಇದೇ ಪ್ರಶ್ನೆ. ಟೇಬಲ್ಲಿಗೆ ಹೊಸ ಸಾಲು ಬರುತ್ತದೆ, ಒಂದು ಕಾಲಮ್ಮಿನ ಬಗ್ಗೆ ಯಾರೂ ಏನೂ ಹೇಳಿಲ್ಲ. ಆಗ ಆ ಜಾಗದಲ್ಲಿ ಏನಿರಬೇಕು? ನಲ್ ಎಂದು ಬಿಟ್ಟರೆ ‘ಗೊತ್ತಿಲ್ಲ’; ‘ಇಲ್ಲ’, ಸೊನ್ನೆ ಎಂದೇನಾದರೂ ತುಂಬಿದರೆ ಗೊತ್ತಿಲ್ಲದಿರುವುದು ಅಲ್ಲೇ ಗೊತ್ತಿರುವುದಾಗಿ ಬಿಡುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ‘ಔಷಧದ ಅಲರ್ಜಿ’ ಎಂಬ ಕಾಲಮ್ಮಿಗೆ ‘ಇಲ್ಲ’ ಎಂದು ಡೀಫಾಲ್ಟ್ ಇಟ್ಟರೆ, ರೋಗಿಯನ್ನು ಕೇಳಿ ಬರೆದ ‘ಇಲ್ಲ’ಕ್ಕೂ ಕೇಳಲು ಮರೆತ ‘ಇಲ್ಲ’ಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. 2011ರ ಜನಗಣತಿಯಲ್ಲಿ ಧರ್ಮ ಹೇಳದವರೆಂದು ಎಣಿಕೆಯಾದವರು 28 ಲಕ್ಷಕ್ಕೂ ಹೆಚ್ಚು. ಅವರನ್ನು ಬಹುಸಂಖ್ಯಾತರ ಲೆಕ್ಕಕ್ಕೂ ನಾಸ್ತಿಕರ ಲೆಕ್ಕಕ್ಕೂ ಸೇರಿಸದೆ ಪ್ರತ್ಯೇಕವಾಗಿಟ್ಟದ್ದು ಸರಿಯಾದ ಜ್ಞಾನಶಿಸ್ತು. ಹೇಳದಿರುವವರಲ್ಲಿ ನಂಬಿಕೆ ಇಲ್ಲದವರು, ಇದ್ದೂ ಹೇಳಲು ಒಲ್ಲದವರು, ಸರಿಯಾಗಿ ಯಾರೂ ವಿಚಾರಿಸದವರು ಎಲ್ಲರೂ ಇದ್ದಾರು. ನನ್ನ ವಾದ ಇಷ್ಟೇ: ಡೀಫಾಲ್ಟ್ ಇಡಲು ನಮಗೆ ಹಕ್ಕಿರುವುದು ಯೋಗ್ಯತೆಯ ನಿಯಮ ಪಾಲನೆಯಾಗುವ ಕಡೆ ಮಾತ್ರ. ‘ಹಣ ಪಾವತಿಯಾಗಿದೆಯೇ’ ಎಂಬ ಕಾಲಮ್ಮಿಗೆ ‘ಇಲ್ಲ’ ಎಂದಿಡಬಹುದು, ಪಾವತಿ ಆ ವ್ಯವಸ್ಥೆಯೊಳಗೇ ನಡೆಯುವುದಾದರೆ. ಆಗಿದ್ದಿದ್ದರೆ ಅದಕ್ಕೆ ತಿಳಿಯುತ್ತಿತ್ತು. ಅಲರ್ಜಿ, ಮದುವೆ, ಧರ್ಮ ಇವೆಲ್ಲ ವ್ಯವಸ್ಥೆಯ ಹೊರಗೆ ನಡೆಯುವ ಬದುಕು. ಅಲ್ಲಿ ವ್ಯವಸ್ಥೆ ಕತ್ತಲ ಕೋಣೆಯಲ್ಲೇ ನಿಂತಿದೆ.

ಇದಕ್ಕೆ ಬಲವಾದ ಆಕ್ಷೇಪ ಬರುವುದು ಡೇಟಾಬೇಸ್ ಶಾಸ್ತ್ರದ ಒಳಗಿನಿಂದಲೇ. ನಲ್ ಬಂದ ಕೂಡಲೇ ತರ್ಕ ಎರಡು ಬೆಲೆಗಳದ್ದಾಗಿ ಉಳಿಯುವುದಿಲ್ಲ. ನಿಜ, ಸುಳ್ಳುಗಳ ಜೊತೆಗೆ ‘ತಿಳಿಯದು’ ಎಂಬ ಮೂರನೆಯದು ಬರುತ್ತದೆ. ವಯಸ್ಸು 30 ಇರುವವರನ್ನು ಕೇಳಿದರೂ 30 ಅಲ್ಲದವರನ್ನು ಕೇಳಿದರೂ ವಯಸ್ಸು ನಲ್ ಆಗಿರುವ ಸಾಲು ಉತ್ತರದಲ್ಲಿ ಕಾಣಿಸುವುದಿಲ್ಲ. ಈ ಕಾರಣಕ್ಕೇ ಡೇಟಾಬೇಸ್ ತಜ್ಞ ಸಿ.ಜೆ. ಡೇಟ್ ದಶಕಗಳ ಕಾಲ ನಲ್ ಅನ್ನು ವಿರೋಧಿಸಿದರು. ಅವರ ದೂರು ಸುಳ್ಳಲ್ಲ. ಆದರೆ ತರ್ಕಕ್ಕೆ ಅನುಕೂಲವಾಗಲಿ ಎಂದು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದರೆ ತೊಡಕು ಪ್ರಶ್ನೆ ಕೇಳುವವನಿಂದ ಉತ್ತರ ನಂಬುವವನಿಗೆ ವರ್ಗವಾಗುತ್ತದೆ, ಅಷ್ಟೇ. ರಿಲೇಷನಲ್ ಮಾದರಿಯನ್ನು 1970ರಲ್ಲಿ ಮಂಡಿಸಿದ ಕಾಡ್ ಅವರೇ ಮುಂದೆ, 1990ರ ತಮ್ಮ ಪುಸ್ತಕದಲ್ಲಿ, ಒಂದು ನಲ್ ಸಾಲದೆಂದು ಎರಡು ಗುರುತುಗಳನ್ನು ಸೂಚಿಸಿದರು: ಬೆಲೆ ಇದೆ ಆದರೆ ಗೊತ್ತಿಲ್ಲ ಎಂಬುದಕ್ಕೊಂದು, ಇಲ್ಲಿಗೆ ಆ ಬೆಲೆಯೇ ಅನ್ವಯಿಸದು ಎಂಬುದಕ್ಕೊಂದು. ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ವೈಶೇಷಿಕರಿಗೆ ಇದು ಕಡಿಮೆಯೇ ಎನಿಸುತ್ತಿತ್ತೇನೋ. ಡೇಟಾಬೇಸಿನ ಪ್ರಶ್ನೆಭಾಷೆಯಾದ ಎಸ್‌ಕ್ಯೂಎಲ್ ಮಾತ್ರ ಒಂದಕ್ಕೇ ತೃಪ್ತಿಪಟ್ಟಿತು.

ಇನ್ನೊಂದು ಆಕ್ಷೇಪ ಲೋಕಾನುಭವದ್ದು. ಡೀಫಾಲ್ಟ್ ಎಂದರೆ ಬರಿಯ ಅನುಕೂಲ, ಒಪ್ಪದವರು ಬದಲಿಸಿಕೊಳ್ಳಲಿ, ಬದಲಿಸದಿದ್ದರೆ ಒಪ್ಪಿದಂತೆಯೇ ಅಲ್ಲವೇ? ಅಂಗದಾನದ ಬಗ್ಗೆ ಜಾನ್ಸನ್ ಮತ್ತು ಗೋಲ್ಡ್‌ಸ್ಟೈನ್ 2003ರಲ್ಲಿ ಪ್ರಕಟಿಸಿದ ಹೋಲಿಕೆ ಈ ನಂಬಿಕೆಯನ್ನು ಅಲುಗಿಸುತ್ತದೆ. ತಾವಾಗಿ ಒಪ್ಪಿಗೆ ಕೊಡಬೇಕಿದ್ದ ಜರ್ಮನಿಯಲ್ಲಿ ದಾನಿಗಳೆಂದು ಎಣಿಕೆಯಾದವರು ಶೇ. 12, ಬೇಡವೆಂದು ಹೇಳದವರೆಲ್ಲ ದಾನಿಗಳೇ ಎಂಬ ಕಾನೂನಿದ್ದ ನೆರೆಯ ಆಸ್ಟ್ರಿಯಾದಲ್ಲಿ ಶೇ. 99ಕ್ಕೂ ಮಿಗಿಲು. ಒಂದೇ ಭಾಷೆಯ ನೆರೆಹೊರೆಯವರ ದಯೆಯಲ್ಲಿ ಇಷ್ಟು ಅಂತರ ಇರಲಾರದು. ಬಹುಮಂದಿ ಎರಡೂ ಕಡೆ ಸುಮ್ಮನಿದ್ದರು. ಮೌನಕ್ಕೆ ಅರ್ಥ ಹಚ್ಚಿದ್ದು ಕಾನೂನು. ಆಸ್ಟ್ರಿಯಾದ ಕ್ರಮ ಜೀವ ಉಳಿಸುವ ದೃಷ್ಟಿಯಿಂದ ಒಳ್ಳೆಯದೇ ಇರಬಹುದು. ಹಾಗಿದ್ದರೆ ಅದನ್ನು ನೀತಿಯೆಂದೇ ಸಮರ್ಥಿಸಬೇಕು, ಜನರ ಇಚ್ಛೆಯ ವರದಿ ಎಂದಲ್ಲ.

ಇಲ್ಲಿಂದ ಮುಂದಿನ ಪ್ರಶ್ನೆ, ಮೌನಕ್ಕೆ ಉತ್ತರ ತುಂಬುವವರು ಯಾರು ಎಂಬುದು. ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ನಿಂತು ಭಾಷಾಂತರಿಸುವ ಜ್ಯಾಂಗೋದಂಥ ಒಆರ್‌ಎಂನಲ್ಲಿ ಮಾಡೆಲ್ಲಿಗೆ ಬರೆದ ಡೀಫಾಲ್ಟ್ ಬಹುಕಾಲ ಪೈಥಾನ್ ಕೋಡಿನಲ್ಲಿ ಮಾತ್ರ ಬದುಕುತ್ತಿತ್ತು. ಅದೇ ಟೇಬಲ್ಲಿಗೆ ಬೇರೆ ಪ್ರೋಗ್ರಾಮ್ ಬರೆದರೆ ಅದರ ಸುಳಿವೂ ಇರುತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ ಬಂದ ಜ್ಯಾಂಗೋದ 5.0 ಆವೃತ್ತಿ ಡೇಟಾಬೇಸಿನಲ್ಲೇ ಡೀಫಾಲ್ಟ್ ಇಡುವ ದಾರಿ ತೆರೆಯಿತು. ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಇನ್ನೊಂದು ಒಆರ್‌ಎಂನಲ್ಲಿ ಕೋಡಿನ ಡೀಫಾಲ್ಟಿಗೂ ಡೇಟಾಬೇಸಿನ ಡೀಫಾಲ್ಟಿಗೂ ಬೇರೆಬೇರೆ ಹೆಸರುಗಳೇ ಇವೆ. ಜಾವಾದ ಒಆರ್‌ಎಂ ಆದ ಹೈಬರ್ನೇಟಿನ ವರ್ತನೆ ಇನ್ನೂ ವಿಚಿತ್ರ. ನಾವು ಮುಟ್ಟದೆ ಬಿಟ್ಟ ಕಾಲಮ್ಮಿಗೆ ಅದು ಸಾಮಾನ್ಯವಾಗಿ ನಲ್ ಎಂದು ಬಾಯಿಬಿಟ್ಟೇ ಹೇಳಿ ಕಳಿಸುತ್ತದೆ. ಡೇಟಾಬೇಸ್ ತನ್ನ ಡೀಫಾಲ್ಟನ್ನು ತುಂಬುವುದು ಕಾಲಮ್ಮಿನ ಮಾತೇ ಬಾರದಿದ್ದಾಗ. ನಲ್ ಎಂದು ಹೇಳಿದರೆ ಅದು ನಲ್ಲನ್ನೇ ಬರೆಯುತ್ತದೆ. ಸುಮ್ಮನಿರುವುದು ಬೇರೆ, ‘ಗೊತ್ತಿಲ್ಲ’ ಎನ್ನುವುದು ಬೇರೆ ಎಂಬ ವಿವೇಕ ಡೇಟಾಬೇಸಿಗೆ ಇತ್ತು. ನಡುವೆ ನಿಂತ ದುಭಾಷಿ ಅದನ್ನು ಅಳಿಸಿದ. ಇದು ಎಂಜಿನಿಯರಿಂಗ್ ವಿವರ, ತತ್ತ್ವವಲ್ಲ ಎನ್ನುವವರಿದ್ದಾರೆ. ಆದರೆ ಡೀಫಾಲ್ಟ್ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಸಾಕ್ಷಿ ಎಲ್ಲಿದೆ ಎಂಬುದೇ. ಸಾಲು ದಾಖಲಾದ ಸಮಯಕ್ಕೆ ಡೇಟಾಬೇಸೇ ಪ್ರತ್ಯಕ್ಷದರ್ಶಿ, ಆದ್ದರಿಂದ ಆ ಸಮಯದ ಕಾಲಮ್ಮಿನ ಡೀಫಾಲ್ಟ್ ಅಲ್ಲೇ ಇರುವುದು ಸಹಜ. ಬಳಕೆದಾರನ ಭಾಷೆಯನ್ನು ಅವನ ಬ್ರೌಸರಿನಿಂದ ಊಹಿಸುವುದಾದರೆ ಅದರ ಕುರುಹು ಇರುವುದು ಅಪ್ಲಿಕೇಶನ್ನಿಗೆ, ಡೇಟಾಬೇಸ್ ಅದರ ಬಗ್ಗೆ ಬಾಯಿ ಹಾಕಬಾರದು.

ಅತಿ ಕಷ್ಟದ ಸಂಗತಿ ಹಳೆಯ ಸಾಲುಗಳದ್ದು. ಲಕ್ಷಾಂತರ ಸಾಲುಗಳಿರುವ ಟೇಬಲ್ಲಿಗೆ ಇಂದು ಹೊಸ ಕಾಲಮ್ ಸೇರಿಸಿ, ಅದು ಖಾಲಿ ಇರಕೂಡದು ಎಂದರೆ, ಹಳೆಯ ಸಾಲುಗಳಿಗೆ ಒಮ್ಮೆಗೆ ಏನು ತುಂಬಲಿ ಎಂದು ಜ್ಯಾಂಗೋ ಕೇಳುತ್ತದೆ. ಅವಸರದಲ್ಲಿ ಬೆರಳಿಗೆ ಬಂದದ್ದನ್ನು ಒತ್ತುವುದೇ ಹೆಚ್ಚು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ 2018ರ 11ನೆಯ ಆವೃತ್ತಿಯಿಂದ ಇಂಥ ಸ್ಥಿರ ಬೆಲೆಯನ್ನು ಸಾಲುಗಳಿಗೆ ಬರೆಯುವುದೂ ಇಲ್ಲ. ಒಂದೇ ಕಡೆ ಗುರುತಿಟ್ಟುಕೊಂಡು, ಯಾರಾದರೂ ಓದಿದಾಗ ಪ್ರತಿ ಹಳೆಯ ಸಾಲಿನಲ್ಲೂ ಅದು ಮೊದಲಿಂದ ಇತ್ತೆಂಬಂತೆ ತೋರಿಸುತ್ತದೆ. ವೇಗದ ದೃಷ್ಟಿಯಿಂದ ಜಾಣ ಉಪಾಯ. ಆದರೆ ಆ ಸಾಲುಗಳು ದಾಖಲಾದ ಕಾಲಕ್ಕೆ ಪ್ರಶ್ನೆಯೇ ಹುಟ್ಟಿರಲಿಲ್ಲ. ಉತ್ತರ ಕೊಡದಿರುವುದೂ ಅವುಗಳಿಗೆ ಸಾಧ್ಯವಿರಲಿಲ್ಲ. ಅಲ್ಲಿ ನಲ್ಲನ್ನೇ ಉಳಿಸಿ, ಖಾಲಿ ಬಿಡಬಾರದೆಂಬ ಕಟ್ಟುಪಾಡನ್ನು ಪ್ರಶ್ನೆ ಕೇಳಲು ಶುರುಮಾಡಿದ ದಿನದಿಂದಾಚೆಗಿನ ಸಾಲುಗಳಿಗೆ ಮಾತ್ರ ಹಾಕುವುದು ಸಾಧ್ಯ. ದಿನಾಂಕದ ಷರತ್ತಿರುವ ಒಂದು ಚೆಕ್ ನಿರ್ಬಂಧ ಬರೆದರೆ ಸಾಕು.