ಕಣ್ಣೆತ್ತಿ ಮಾತನಾಡುವ ಕುರಿತು



ದಿನವೂ ಬೆಳಿಗ್ಗೆ ನಾವು ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಅದರ ಮೇಲೆ ದೃಷ್ಟಿ ನಿಲ್ಲಿಸುತ್ತೇವೆ. ಲಿಂಗದ ಕಪ್ಪು ಲೇಪದಲ್ಲಿ ದೀಪದ ಬೆಳಕು ಒಂದು ಚುಕ್ಕೆಯಾಗಿ ಕಾಣುತ್ತದೆ. ಕಣ್ಣು ಚಲಿಸದೆ ಅದನ್ನೇ ನೋಡುತ್ತ ಕೂಡುವುದನ್ನು ಹಿರಿಯರು ನಮಗೆ ಕಲಿಸಿದ್ದಾರೆ. ಪೂಜೆ ಮುಗಿಸಿ ಪೇಟೆಗೆ ಹೊರಟ ಮೇಲೆ ಎದುರಿಗೆ ಮನುಷ್ಯ ನಿಂತರೆ ಅದೇ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈ ಸಲ ವಿಚಾರಿಸೋಣ.

ಹಿರಿಯರ ಮುಂದೆ, ಗುರುಗಳ ಮುಂದೆ ಕಣ್ಣು ತಗ್ಗಿಸುವುದು ನಮ್ಮ ಮನೆತನಗಳ ಮರ್ಯಾದೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದೇ ರೂಢಿಯ ಹುಡುಗ ಪುಣೆಗೋ ಮುಂಬಯಿಗೋ ಸಂದರ್ಶನಕ್ಕೆ ಹೋದಾಗ, ಇವನಿಗೆ ಧೈರ್ಯ ಸಾಲದು ಎಂದು ಬರೆದುಕೊಳ್ಳುತ್ತಾರೆ. ಗಡಿಭಾಗದ ನಮಗೆ ಇನ್ನೊಂದು ತೊಡಕೂ ಉಂಟು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮರಾಠಿ ಶಬ್ದಕ್ಕೆ ತಡಕಾಡುವಾಗ ನಮ್ಮ ಹಿರಿಯರ ಕಣ್ಣು ನೆಲಕ್ಕಿಳಿಯುತ್ತದೆ. ಏನೋ ಮುಚ್ಚಿಡುತ್ತಿದ್ದಾರೆಂದು ಕಾರಕೂನ ತಿಳಿಯುತ್ತಾನೆ. ಅವರು ಹುಡುಕುತ್ತಿದ್ದುದು ಬರಿಯ ಒಂದು ಶಬ್ದ!

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ನಿಂತವರಿಗೆ ಇದರ ಬೇರೊಂದು ಬಗೆ ಗೊತ್ತು. 1904ರಲ್ಲಿ ಅಲ್ಲಿ ಮೊದಲ ಪಾವರಲೂಮ್ ಬಂತು. ಇಂದು ಆ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಎದುರಿನವನ ಕಣ್ಣು, ತುಟಿ ನೋಡಿಯೇ ನೂಲು ಹರಿದದ್ದು, ಕಾಂಡಿ ತೀರಿದ್ದು ತಿಳಿಯಬೇಕು. ಅಲ್ಲಿ ನಾಚಿಕೆಗೆ ಸಮಯವಿಲ್ಲ.

ಪೇಟೆಯ ಮಾತು ಬೇರೆ. ಹಿಂದೆ ಅಡತಿಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುರಿಯುತ್ತಿದ್ದರು. ದನದ ಸಂತೆಯಲ್ಲಿ ಇಂದಿಗೂ ಅದು ಕಾಣಸಿಗುತ್ತದೆ. ವಸ್ತ್ರದ ಕೆಳಗೆ ಬೆರಳು ಎಷ್ಟು ಹೇಳಿತೋ ಅವರಿಬ್ಬರಿಗೇ ಗೊತ್ತು, ಮಾಲಿನ ಒಡೆಯ ಪಕ್ಕದಲ್ಲಿ ನೆಲ ನೋಡುತ್ತ ಕೂತಿರುತ್ತಿದ್ದ. ಇಂಥ ಗುಟ್ಟಿನ ವ್ಯವಹಾರ ತಪ್ಪಿಸಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು. ಮಹಾರಾಷ್ಟ್ರದಲ್ಲಿ ಅದಕ್ಕೆ 1963ರ ಕಾಯ್ದೆಯಿದೆ. ಬಹಿರಂಗ ಹರಾಜು ನಡೆಯತೊಡಗಿತು. ವಸ್ತ್ರ ಸರಿಯಿತು, ರೈತನ ಕಣ್ಣು ಮಾತ್ರ ಮೇಲೇಳಲಿಲ್ಲ. ಕೊಲ್ಹಾಪುರದಲ್ಲಿ ಬೆಲ್ಲ, ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ಹಾಕಿ ಬಂದವರು ಪಟ್ಟಿಯನ್ನು ಓದದೆ ಮಡಚಿ ಕಿಸೆಗೆ ಹಾಕುತ್ತಾರೆ. ಹಮಾಲಿ ಎಷ್ಟು, ತೂಕದ್ದೆಷ್ಟು, ಮುಂಗಡಕ್ಕೆ ಮುರಿದದ್ದೆಷ್ಟು? ಮುಖ ನೋಡಿ ಕೇಳಲು ಸಂಕೋಚ. ಬಿ.ಕಾಂ. ಓದಿ ಲೆಕ್ಕ ಬರೆಯುವ ನಾವು ವ್ಯಾಪಾರಿ ಬಂಧುಗಳಿಗೂ ಒಂದು ಮಾತು ಹೇಳುತ್ತೇವೆ. ಚೊಕ್ಕ ಲೆಕ್ಕ ಇಟ್ಟವರಿಗೆ ಆ ಪ್ರಶ್ನೆಯಿಂದ ಸಿಟ್ಟು ಬರಬೇಕಾಗಿಲ್ಲ.

ಹಾಗೆಂದು ಕಣ್ಣು ತಪ್ಪಿಸುವವರೆಲ್ಲ ಅಂಜುಬುರುಕರೂ ಅಲ್ಲ, ಕಳ್ಳರೂ ಅಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಎದುರಿನವರ ಕಣ್ಣು ನೋಡುವುದೇ ಹಿಂಸೆ. "ಇಲ್ಲಿ ನೋಡು" ಎಂದು ಅವರ ಗದ್ದ ಹಿಡಿದೆತ್ತಬಾರದು. ಬೇರೆ ಕಡೆ ನೋಡುತ್ತಲೇ ಅವರು ನಮ್ಮ ಮಾತು ಕೇಳಿರುತ್ತಾರೆ.

ಈಗ ನಮ್ಮದೇ ತಪ್ಪು. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಕಬ್ಬು ನೀರಲ್ಲಿ ನಿಂತಿತು. ದಾಸೋಹಕ್ಕೆ ಬೆಲ್ಲ ಕೊಡುವೆನೆಂದಿದ್ದ ಭಕ್ತರೊಬ್ಬರು ಆ ವರ್ಷ ಕೊಡಲಿಲ್ಲ, ಮರುವರ್ಷವೂ ಇಲ್ಲ. ಮಠಕ್ಕೆ ಬಂದರೆ ಕಂಬದ ಮರೆಯಲ್ಲಿ ಕೂತು, ನಮ್ಮ ಕಣ್ಣಿಗೆ ಬೀಳುವ ಮೊದಲೇ ಎದ್ದು ಹೋಗುತ್ತಿದ್ದರು. ನುಡಿದಂತೆ ನಡೆಯದವರು ಎಂದು ಮನಸ್ಸಿನಲ್ಲೇ ಬರೆದುಕೊಂಡೆವು. ಅವರ ಹೊಲದಲ್ಲಿ ಒಂದು ಗಣಿಕೆಯೂ ಉಳಿದಿರಲಿಲ್ಲವೆಂದು ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರಿಂದ. ಅವರು ಕಣ್ಣು ತಪ್ಪಿಸಿದ್ದೇನೋ ನಿಜ. ನಾವಾದರೂ ಅಷ್ಟು ದಿನ ಪಾವತಿ ಪುಸ್ತಕದಿಂದ ಕಣ್ಣೆತ್ತಿದ್ದೆವೇ?

ಮೊನ್ನೆ ಅವರ ಮಗ ಎರಡು ಪೆಂಟಿ ಬೆಲ್ಲ ಹೊತ್ತು ತಂದು ರಸೀದಿ ಕೇಳಿದ. ಪುಸ್ತಕ ಮುಚ್ಚಿಟ್ಟು ಅವನ ಮುಖ ನೋಡಿದೆವು. "ಕೂಡಪಾ ತಮ್ಮಾ, ಮೊದಲ ಪ್ರಸಾದ ಮಾಡು. ಅಪ್ಪಾರು ಹ್ಯಾಂಗದಾರ ಹೇಳು" ಎಂದೆವು.